ಬಿ.ಫಾರ್ಮ್‌ಗೆ ಕೀಮ್ ಜೊತೆ ಸಿಇಟಿಯೂ ಬರೆಯಬೇಕಾ? ಕಾಸರಗೋಡಿನ ಪ್ಲಸ್ ಟು ಮಕ್ಕಳಿಗೆ, ಅವರ ಮನೆಯವರಿಗೆ

ಜನವರಿ ಬಂತೆಂದರೆ ನಮ್ಮ ಮೆಡಿಕಲ್ ಶಾಪಿಗೆ ಒಂದು ಪ್ರಶ್ನೆ ಬರಲು ಶುರುವಾಗುತ್ತದೆ. ಮಾತ್ರೆ ತೆಗೆದುಕೊಂಡು ಚಿಲ್ಲರೆ ಎಣಿಸುತ್ತಾ ಅಮ್ಮಂದಿರು ಕೇಳುತ್ತಾರೆ: "ಅಕ್ಕಾ, ಮಗಳಿಗೆ ಫಾರ್ಮಸಿ ಮಾಡಿಸ್ಬೇಕು ಅಂತ ಇದೆ. ಇಲ್ಲಿನ ಕೀಮ್ ಬರೆದರೆ ಸಾಕಾ? ಕರ್ನಾಟಕದ ಸಿಇಟಿಯೂ ಬರೀಬೇಕಾ?"

ಕೀಮ್ ಎಂದರೆ ಕೇರಳದ ಪ್ರವೇಶ ಪರೀಕ್ಷೆ, ಸಿಇಟಿ ಕರ್ನಾಟಕದ್ದು. ನಾನು ಬದಿಯಡ್ಕ ಕಡೆಯವಳು. ಬಿ.ಫಾರ್ಮ್, ಅಂದರೆ ಫಾರ್ಮಸಿಯ ನಾಲ್ಕು ವರ್ಷದ ಪದವಿ, ಓದಿ ಹದಿನಾಲ್ಕು ವರ್ಷದಿಂದ ಕೌಂಟರಿನಲ್ಲಿ ನಿಂತಿದ್ದೇನೆ. ಈ ಪ್ರಶ್ನೆಗೆ ನಿಂತಲ್ಲೇ ಹೌದು, ಇಲ್ಲ ಎಂದು ಹೇಳಲು ಆಗುವುದಿಲ್ಲ. ಮಗುವಿನ ಮನೆ ಎಲ್ಲಿ, ಎಷ್ಟು ವರ್ಷ ಎಲ್ಲಿ ಓದಿದೆ, ಫಿಸಿಕ್ಸ್ ಹೇಗಿದೆ, ಹಾಸ್ಟೆಲಿಗೆ ಕಳಿಸುತ್ತೀರಾ, ಇಷ್ಟನ್ನೂ ಕೇಳಬೇಕಾಗುತ್ತದೆ. ಕೌಂಟರಿನಲ್ಲಿ ಐದು ನಿಮಿಷದಲ್ಲಿ ಹೇಳಿ ಮುಗಿಯದ ಮಾತನ್ನು ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ. ಪೂರ್ತಿ ಓದಿ. ನಿಮ್ಮ ಮನೆಗೆ ಯಾವುದು ಸರಿ ಎಂದು ಓದಿ ಮುಗಿಸುವಾಗ ನಿಮಗೇ ಗೊತ್ತಾಗುತ್ತದೆ.

ಮೊದಲು: ಯಾವ ಸೀಟಿಗೆ ಪರೀಕ್ಷೆ ಬೇಕು, ಯಾವುದಕ್ಕೆ ಬೇಡ

ಬಿ.ಫಾರ್ಮ್‌ಗೆ ನೀಟ್ ಬೇಡ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನೀಟ್ ಸರಿಯಾಗಲಿಲ್ಲ ಎಂದು ಫಾರ್ಮಸಿಯ ಆಸೆಯನ್ನೂ ಬಿಟ್ಟ ಮಕ್ಕಳನ್ನು ನೋಡಿದ್ದೇನೆ. ಜಿಪ್ಯಾಟ್ ಅಂತ ಒಂದು ಹೆಸರು ಕೇಳಿರಬಹುದು. ಅದು ಬಿ.ಫಾರ್ಮ್ ಮುಗಿಸಿ ಎಂ.ಫಾರ್ಮ್‌ಗೆ ಹೋಗುವವರಿಗೆ. ಈಗ ತಲೆಗೆ ಹಾಕಿಕೊಳ್ಳಬೇಡಿ.

ಕೇರಳದಲ್ಲಿ ಸರ್ಕಾರಿ ಕಾಲೇಜಿನ ಬಿ.ಫಾರ್ಮ್ ಸೀಟು, ಖಾಸಗಿ ಕಾಲೇಜಿನ ಮೆರಿಟ್ ಸೀಟು ಎರಡಕ್ಕೂ ಕೀಮ್‌ನ ಫಾರ್ಮಸಿ ಪರೀಕ್ಷೆ ಬರೆಯಬೇಕು. ಕರ್ನಾಟಕದಲ್ಲಿ ಸರ್ಕಾರಿ ಕೋಟಾದ ಬಿ.ಫಾರ್ಮ್, ಫಾರ್ಮ್.ಡಿ (ಆರು ವರ್ಷದ ಫಾರ್ಮಸಿ ಕೋರ್ಸ್) ಸೀಟುಗಳು ಸಿಇಟಿ ರ್‍ಯಾಂಕಿನ ಮೇಲೆ ಸಿಗುತ್ತವೆ. ಅದನ್ನು ನಡೆಸುವುದು ಕರ್ನಾಟಕ ಪರೀಕ್ಷಾ ಪ್ರಾಧಿಕಾರ. ನಮ್ಮವರು ಕೆಇಎ ಎಂದೇ ಕರೆಯುತ್ತಾರೆ.

ಸಿಇಟಿ, ಕೀಮ್ ಯಾವುದೂ ಇಲ್ಲದ ದಾರಿಗಳೂ ಇವೆ. ಡಿ.ಫಾರ್ಮ್ ಎರಡು ವರ್ಷದ ಡಿಪ್ಲೊಮಾ. ಕೇರಳದಲ್ಲಿ ಅದರ ಮೆರಿಟ್ ಸೀಟನ್ನು ಪ್ಲಸ್ ಟು ಅಂಕ ನೋಡಿ ಎಲ್‌ಬಿಎಸ್ ಸೆಂಟರ್ ಎಂಬ ಸರ್ಕಾರಿ ಸಂಸ್ಥೆಯ ಮೂಲಕ ಕೊಡುತ್ತಾರೆ. ಮಂಗಳೂರಿನ ಖಾಸಗಿ ಕಾಲೇಜುಗಳಲ್ಲಿ ಮ್ಯಾನೇಜ್‌ಮೆಂಟ್ ಸೀಟು ಇದೆ. ಡೀಮ್ಡ್ ವಿಶ್ವವಿದ್ಯಾಲಯಗಳು ಅವರದ್ದೇ ರೀತಿಯಲ್ಲಿ ಸೇರಿಸಿಕೊಳ್ಳುತ್ತವೆ. ಮಣಿಪಾಲಕ್ಕೆ ಅವರದ್ದೇ ಪ್ರವೇಶ ಪರೀಕ್ಷೆ ಇದೆ.

ಅಂದರೆ ನಮ್ಮ ಮಕ್ಕಳ ಪಾಲಿಗೆ ಸಿಇಟಿ ಕಡ್ಡಾಯವಲ್ಲ. ಬರೆಯದೆಯೂ ಫಾರ್ಮಸಿಸ್ಟ್ ಆಗಬಹುದು. ಹಾಗಾದರೆ ಯಾಕೆ ಬರೆಯಬೇಕು ಎನ್ನುವುದೇ ಪ್ರಶ್ನೆ.

ಎರಡನೆಯದು: ಒಂದು ರಟ್ಟು, ಒಂದು ಪೆನ್ನು

ಎರಡು ವರ್ಷದ ಹಿಂದೆ ಪೆರ್ಲ ಕಡೆಯ ಒಬ್ಬ ಹುಡುಗಿ ಅಮ್ಮನ ಜೊತೆ ಬಂದಿದ್ದಳು. ಪ್ಲಸ್ ಟುವಿನಲ್ಲಿ ಬಯಾಲಜಿ ಓದುತ್ತಿದ್ದಳು. ಮುಖದಲ್ಲಿ ಗಾಬರಿ. ಕ್ಲಾಸಿನಲ್ಲಿ ಎಲ್ಲರೂ ಎರಡೂ ಪರೀಕ್ಷೆ ಬರೆಯುತ್ತಾರಂತೆ. ಹಾಗಾಗಿ ತಾನೂ ಬರೆಯಬೇಕು ಎಂದಳು. ನಾನು ಟಾನಿಕ್ ಬಾಟಲಿ ಬಂದಿದ್ದ ರಟ್ಟಿನ ಪೆಟ್ಟಿಗೆಯ ಒಂದು ಮಗ್ಗುಲನ್ನು ಹರಿದು ಅವಳ ಮುಂದೆ ಇಟ್ಟೆ. ಮೂರು ಕಾಲಂ ಹಾಕು ಎಂದೆ. ಮೊದಲನೆಯದರಲ್ಲಿ ಕಾಲೇಜಿನ ಹೆಸರು. ಎರಡನೆಯದರಲ್ಲಿ ದಿನಾ ಹೋಗಿ ಬರುವುದಾ, ಹಾಸ್ಟೆಲಾ. ಮೂರನೆಯದರಲ್ಲಿ ಒಂದೇ ಪ್ರಶ್ನೆ: ಸಿಕ್ಕಿದರೆ ನಿಜವಾಗಿ ಸೇರುತ್ತೀಯಾ?

ಮೊದಲು ತಿರುವನಂತಪುರ ಬರೆದಳು. ಅಮ್ಮ ತಲೆ ಅಲ್ಲಾಡಿಸಿದರು. ಅಷ್ಟು ದೂರ ಕಳಿಸುವುದಿಲ್ಲ. ಕೋಟ್ಟಯಂ, ಆಲಪ್ಪುಳ ಕೂಡ ಹಾಗೆಯೇ ಹೋದವು. ಕೋಝಿಕ್ಕೋಡ್ ಸರ್ಕಾರಿ ಮೆಡಿಕಲ್ ಕಾಲೇಜಿನದ್ದಾದರೆ ಕಳಿಸಬಹುದು ಎಂದರು. ಪರಿಯಾರಂ ಆದರೆ ಖಂಡಿತ. ಪಯ್ಯನೂರಿಗೆ ರೈಲು, ಅಲ್ಲಿಂದ ಬಸ್ಸು, ವಾರಕ್ಕೊಮ್ಮೆ ಮನೆಗೆ ಬರಬಹುದು. ಸೀತಾಂಗೋಳಿ ಮನೆಗೆ ಹತ್ತಿರ. ಆದರೆ ಖಾಸಗಿ, ಫೀಸು ಕೇಳಬೇಕು. ತೃಕ್ಕರಿಪುರವೂ ಅಷ್ಟೇ. ಆಮೇಲೆ ಮಂಗಳೂರು ಬಂತು. ದೇರಳಕಟ್ಟೆ, ವಳಚ್ಚಿಲ್, ವಾಮಂಜೂರು. ಅಲ್ಲಿಗೆ ಹೋಗಲು ಅವಳಿಗೂ ಮನಸ್ಸಿತ್ತು, ಅಮ್ಮನಿಗೂ ಒಪ್ಪಿಗೆ ಇತ್ತು. ಸೋದರಮಾವನ ಮನೆ ತೊಕ್ಕೊಟ್ಟಿನಲ್ಲೇ ಇದೆ. ಆದರೆ ಮ್ಯಾನೇಜ್‌ಮೆಂಟ್ ಸೀಟಿನ ಫೀಸು ಕಟ್ಟುವ ಶಕ್ತಿ ಇಲ್ಲ.

ರಟ್ಟು ನೋಡಿದಾಗ ಉತ್ತರ ಅಲ್ಲೇ ಇತ್ತು. ಅವಳು ಸೇರಬಹುದಾದ ಸೀಟುಗಳಲ್ಲಿ ಅರ್ಧ ಮಂಗಳೂರಿನಲ್ಲಿವೆ. ಅವು ಕೈಗೆಟಕುವ ಫೀಸಿಗೆ ಸಿಗಬೇಕಾದರೆ ಸಿಇಟಿಯಿಂದ ಮಾತ್ರ. ಹಾಗಾಗಿ ಅವಳು ಬರೆಯಬೇಕು. ಅದೇ ವಾರ ಚೆರುವತ್ತೂರಿನ ಹುಡುಗನೊಬ್ಬ ಫೋನಿನಲ್ಲಿ ಕೇಳಿದ. ಅವನ ಲೆಕ್ಕ ಬೇರೆ. ಮಂಗಳೂರಿನ ಯಾವ ಕಾಲೇಜಿಗೂ ಅವನು ಹೋಗುವವನಲ್ಲ. ಪರಿಯಾರಂ ಸಿಕ್ಕರೆ ಸರಿ, ಇಲ್ಲದಿದ್ದರೆ ಊರಿನಲ್ಲೇ ಡಿ.ಫಾರ್ಮ್. ಅವನಿಗೆ ಸಿಇಟಿ ಬೇಡ ಎಂದೆ.

ನೀವೂ ಈ ಕೆಲಸವನ್ನು ಮೊದಲು ಮಾಡಿ. ಮೊಬೈಲಿನಲ್ಲಿ ಬೇಡ, ಕಾಗದದಲ್ಲಿ. ಅಪ್ಪ, ಅಮ್ಮ ಇಬ್ಬರೂ ಪಕ್ಕದಲ್ಲಿರಲಿ. "ನೋಡುವಾ" ಎನ್ನುವ ಉತ್ತರ ಮೂರನೇ ಕಾಲಂನಲ್ಲಿ ಬೇಡ. ಸೇರುತ್ತೇವೆ ಅಥವಾ ಇಲ್ಲ, ಎರಡರಲ್ಲಿ ಒಂದು. ಸೇರುವ ಮನಸ್ಸೇ ಇಲ್ಲದ ಸೀಟಿಗಾಗಿ ಮಗುವನ್ನು ಏಪ್ರಿಲ್ ಬಿಸಿಲಿನಲ್ಲಿ ಸುಮ್ನೆ ಓಡಿಸಬಾರದು.

ಮೂರನೆಯದು: ಗಡಿನಾಡು ಕಾಲಂ

ಈ ಭಾಗವನ್ನು ದಯವಿಟ್ಟು ನಿಧಾನವಾಗಿ ಓದಿ. ನಾನು ಇಷ್ಟೆಲ್ಲ ಬರೆಯಲು ಕಾರಣವೇ ಇದು.

ಕರ್ನಾಟಕದ ಸಿಇಟಿಯ ಸರ್ಕಾರಿ ಸೀಟು ಸಾಮಾನ್ಯವಾಗಿ ಕರ್ನಾಟಕದಲ್ಲಿ ಓದಿದ ಮಕ್ಕಳಿಗೆ. ಆದರೆ ಗಡಿನಾಡು ಕನ್ನಡಿಗರಿಗೆ ಅದರಲ್ಲಿ ಒಂದು ಬಾಗಿಲು ಇಟ್ಟಿದ್ದಾರೆ. ಕೇರಳದಲ್ಲಿ ಕಾಸರಗೋಡು, ಹೊಸದುರ್ಗ, ಮಂಜೇಶ್ವರ ತಾಲೂಕು. ಮಹಾರಾಷ್ಟ್ರದಲ್ಲಿ ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಗಡಹಿಂಗ್ಲಜ ತಾಲೂಕು. ಈ ಜಾಗಗಳಲ್ಲಿ ವಾಸವಿದ್ದು, 1ನೇ ತರಗತಿಯಿಂದ 12ರ ಒಳಗೆ ಕನಿಷ್ಠ 7 ವರ್ಷ ಅಲ್ಲೇ ಓದಿರಬೇಕು. ಮನೆಮಾತು ಕನ್ನಡ, ತುಳು ಅಥವಾ ಕೊಡವ ಆಗಿರಬೇಕು. ಜೊತೆಗೆ ಕೆಇಎ ನಡೆಸುವ ಒಂದು ಕನ್ನಡ ಭಾಷಾ ಪರೀಕ್ಷೆಯಲ್ಲಿ ಪಾಸಾಗಬೇಕು.

ತುಳು ಎಂದು ಬರೆದಿರುವುದನ್ನು ಗಮನಿಸಿ. "ನಮ್ಮ ಮನೆಯಲ್ಲಿ ತುಳು, ನಮಗೆ ಇದು ಬರುವುದಿಲ್ಲ" ಎಂದು ಹಿಂದೆ ಸರಿದವರು ಇದ್ದಾರೆ. ಬರುತ್ತದೆ.

ಭಾಷಾ ಪರೀಕ್ಷೆಗೆ ಹೆದರಬೇಡಿ. 50 ಅಂಕದ ಚಿಕ್ಕ ಪರೀಕ್ಷೆ. ಅದರ ಅಂಕ ರ್‍ಯಾಂಕಿಗೆ ಸೇರುವುದಿಲ್ಲ, ಪಾಸಾದರೆ ಸಾಕು. ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಇದು ಕಷ್ಟವಾಗುವುದಿಲ್ಲ. ಇಂಗ್ಲಿಷ್ ಮೀಡಿಯಂನಲ್ಲಿ ಓದಿ, ಮನೆಯಲ್ಲಿ ತುಳು ಮಾತಾಡಿ, ಕನ್ನಡ ಬರೆಯುವ ಅಭ್ಯಾಸ ತಪ್ಪಿದ್ದರೆ ಒಂದು ತಿಂಗಳು ದಿನಾ ಒಂದು ಪುಟ ಪತ್ರಿಕೆ ನೋಡಿ ಬರೆಯಿಸಿ. ಒತ್ತಕ್ಷರ ಕೈಗೆ ಕೂರಬೇಕು ಅಷ್ಟೇ. ಈ ಪರೀಕ್ಷೆ ಮುಖ್ಯ ಸಿಇಟಿ ದಿನಗಳಿಗೆ ಅಂಟಿಕೊಂಡ ಬೇರೊಂದು ದಿನ ಇರುತ್ತದೆ. ಬೆಂಗಳೂರಿನ ಜೊತೆಗೆ ಮಂಗಳೂರಿನಲ್ಲೂ ನಡೆದ ವರ್ಷಗಳಿವೆ. ಆ ದಿನ ಹೋಗದಿದ್ದರೆ ಫಿಸಿಕ್ಸಿನಲ್ಲಿ 60ಕ್ಕೆ 60 ಬಂದರೂ ಗಡಿನಾಡು ಸೀಟು ಇಲ್ಲ.

ನನ್ನ ಕಥೆ ಹೇಳುತ್ತೇನೆ. ನಾನು ಒಂದನೇ ತರಗತಿಯಿಂದ ಹತ್ತರವರೆಗೆ ಊರಿನ ಕನ್ನಡ ಶಾಲೆಯಲ್ಲೇ ಓದಿದವಳು. ಸಿಇಟಿ ಬರೆದಿದ್ದೆ. ಆದರೆ ಅರ್ಜಿ ತುಂಬಿದ್ದು ಪೇಟೆಯ ಒಂದು ಕಂಪ್ಯೂಟರ್ ಅಂಗಡಿಯಲ್ಲಿ. ಅಲ್ಲಿದ್ದವರು ಕೇರಳ ಎಂದು ನೋಡಿ ಹೊರ ರಾಜ್ಯ ಎಂದು ಒತ್ತಿಬಿಟ್ಟರು. ಗಡಿನಾಡು ಎಂಬ ಕಾಲಂ ಇದೆ ಎಂದು ಅವರಿಗೂ ಗೊತ್ತಿರಲಿಲ್ಲ, ಅಪ್ಪನಿಗೂ ಗೊತ್ತಿರಲಿಲ್ಲ, ನನಗೂ ಇಲ್ಲ. ಗೊತ್ತಾದದ್ದು ಜುಲೈಯಲ್ಲಿ. ಕಾಲ ಮೀರಿತ್ತು. ಕೊನೆಗೆ ಮ್ಯಾನೇಜ್‌ಮೆಂಟ್ ಸೀಟಿನಲ್ಲಿ ಸೇರಿದೆ. ಅದಕ್ಕಾಗಿ ಅಪ್ಪ ಅಡಿಕೆ ತೋಟದ ಒಂದು ತುಂಡು ಮಾರಿದರು. ಇವತ್ತಿಗೂ ಆ ತೋಟದ ಬದಿಯಲ್ಲಿ ಬಸ್ಸು ಹೋಗುವಾಗ ನಾನು ಆ ಕಡೆ ನೋಡುವುದಿಲ್ಲ. ಇನ್ನೊಂದು ಮನೆಗೆ ಹೀಗಾಗಬಾರದು.

ಹಾಗಾಗಿ ಅರ್ಜಿ ತುಂಬುವಾಗ ನೀವೇ ಪಕ್ಕದಲ್ಲಿ ಕೂತುಕೊಳ್ಳಿ. ಅಕ್ಷಯ ಕೇಂದ್ರದಲ್ಲಿ ತುಂಬಿಸಿದರೂ ಪ್ರಿಂಟ್ ತೆಗೆದು ಆ ಕಾಲಂ ಓದಿ. ತಪ್ಪಿದ್ದರೆ ತಿದ್ದಲು ಕೆಇಎ ಕೆಲವು ದಿನ ಅವಕಾಶ ಕೊಡುತ್ತದೆ. ಆ ದಿನಗಳೊಳಗೆ ಮಾಡಿಬಿಡಿ.

ಕಾಗದ ಪತ್ರಕ್ಕೆ ಜನವರಿಗಿಂತ ಮೊದಲೇ ಓಡಾಡಿ. ಆ ವರ್ಷದ ಬ್ರೋಷರಿನಲ್ಲಿ ಸರ್ಟಿಫಿಕೇಟಿನ ನಮೂನೆ ಇರುತ್ತದೆ. ಅದೇ ನಮೂನೆಯಲ್ಲಿ ಬೇಕು, ಶಾಲೆಯವರು ಅವರ ಲೆಟರ್‌ಹೆಡ್ಡಿನಲ್ಲಿ ಬರೆದುಕೊಟ್ಟರೆ ಸಾಕಾಗುವುದಿಲ್ಲ. ಎಲ್.ಪಿ. ಶಾಲೆ ಒಂದು ಕಡೆ, ಯು.ಪಿ. ಇನ್ನೊಂದು ಕಡೆ, ಹೈಸ್ಕೂಲು ಮತ್ತೊಂದು ಕಡೆ ಓದಿದ್ದರೆ ಪ್ರತಿ ಶಾಲೆಯಿಂದಲೂ ತರಬೇಕು. ಕರ್ನಾಟಕದ ನಮೂನೆಯಲ್ಲಿ ಬಿ.ಇ.ಒ. ಸಹಿ ಎಂದಿದ್ದರೆ ಗಾಬರಿಯಾಗಬೇಡಿ. ನಮ್ಮಲ್ಲಿ ಆ ಜಾಗದಲ್ಲಿರುವವರು ಎಲ್.ಪಿ., ಯು.ಪಿ. ಶಾಲೆಗೆ ಎ.ಇ.ಒ., ಹೈಸ್ಕೂಲಿಗೆ ಡಿ.ಇ.ಒ. ವಾಸದ ಪತ್ರಕ್ಕೆ ವಿಲೇಜ್ ಆಫೀಸು, ತಾಲೂಕು ಆಫೀಸು. ಎಲ್ಲದರಲ್ಲೂ ಹೆಸರಿನ ಇನಿಷಿಯಲ್ ಒಂದೇ ತರ ಇದೆಯಾ ನೋಡಿ. ಎಸ್‌ಎಸ್‌ಎಲ್‌ಸಿ ಪುಸ್ತಕದಲ್ಲಿ ಒಂದು, ಆಧಾರಿನಲ್ಲಿ ಒಂದು ಇದ್ದರೆ ಈಗಲೇ ಸರಿ ಮಾಡಿಸಿ.

ವೆಳ್ಳರಿಕುಂಡು ತಾಲೂಕಿನವರು ಸ್ವಲ್ಪ ಎಚ್ಚರ. ಅದು ಹೊಸದುರ್ಗದಿಂದ ಬೇರೆಯಾದ ತಾಲೂಕು, ಪಟ್ಟಿಯಲ್ಲಿರುವುದು ಹಳೆಯ ಹೆಸರು. ಕೆಇಎಗೆ ಮೊದಲೇ ಇಮೇಲ್ ಮಾಡಿ ಬರಹದಲ್ಲಿ ಉತ್ತರ ತರಿಸಿಕೊಳ್ಳಿ. ತಾಳವಾಡಿ, ಹೊಸೂರು, ಮಡಕಶಿರ ಕಡೆಯ ಕನ್ನಡಿಗರ ಊರುಗಳು ಈ ಗಡಿನಾಡು ಪಟ್ಟಿಯಲ್ಲಿ ಇಲ್ಲ. ಅವರು ನೋಡಬೇಕಾದದ್ದು ಹೊರನಾಡು ಕನ್ನಡಿಗರ ಕಾಲಂ. ಅದರ ಷರತ್ತು ಬೇರೆ.

ಇನ್ನೊಂದು ಮಾತು, ಮೀಸಲಾತಿ ಬಗ್ಗೆ. ಜಾತಿ ಪಟ್ಟಿ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಕೇರಳದ ತಹಶೀಲ್ದಾರರು ಕೊಟ್ಟ ಪತ್ರ ಕೀಮ್‌ಗೆ ನಡೆಯುತ್ತದೆ ಎಂದು ಸಿಇಟಿಯಲ್ಲೂ ಅದೇ ಲಾಭ ಸಿಗುತ್ತದೆ ಎಂದು ಲೆಕ್ಕ ಹಾಕಬೇಡಿ. ಕೇರಳದಲ್ಲಿ ನಿಮಗೆ ಒಳ್ಳೆಯ ಮೀಸಲಾತಿ ಇದ್ದರೆ ಕೀಮ್ ಕಡೆಗೇ ಜಾಸ್ತಿ ಒತ್ತು ಕೊಡಿ.

ನಾಲ್ಕನೆಯದು: ಎರಡು ಪರೀಕ್ಷೆಗಳ ಸ್ವಭಾವ

ಇವೆರಡೂ ಒಂದೇ ತರದ ಪರೀಕ್ಷೆಗಳಲ್ಲ. ಮಗುವಿನ ಬಲ ಎಲ್ಲಿದೆ ಎನ್ನುವುದರ ಮೇಲೆ ಒಂದರಲ್ಲಿ ಸೋತವರು ಇನ್ನೊಂದರಲ್ಲಿ ಗೆಲ್ಲಬಹುದು.

ಕೀಮ್‌ನ ಫಾರ್ಮಸಿ ಪರೀಕ್ಷೆ 2024ರಿಂದ ಕಂಪ್ಯೂಟರಿನಲ್ಲಿ ನಡೆಯುತ್ತಿದೆ. 90 ನಿಮಿಷ, 75 ಪ್ರಶ್ನೆ. ಫಿಸಿಕ್ಸ್ 45, ಕೆಮಿಸ್ಟ್ರಿ 30. ಬಯಾಲಜಿ ಒಂದೂ ಇಲ್ಲ! ಫಾರ್ಮಸಿ ಅಲ್ವಾ, ಬಯಾಲಜಿ ಇರುತ್ತದೆ ಎಂದು ನಂಬಿ ಅದನ್ನೇ ಓದಿ ಹೋದವರು ಕಣ್ಣೀರು ಹಾಕಿದ್ದನ್ನು ಕಂಡಿದ್ದೇನೆ. ಸರಿ ಉತ್ತರಕ್ಕೆ 4 ಅಂಕ, ತಪ್ಪಿದರೆ 1 ಕಳೆಯುತ್ತಾರೆ. ಒಟ್ಟು 300. ರ್‍ಯಾಂಕಿಗೆ ಈ ಪರೀಕ್ಷೆಯ ಅಂಕವೇ ಲೆಕ್ಕ, ಪ್ಲಸ್ ಟು ಅಂಕ ಸೇರುವುದಿಲ್ಲ.

ಸಿಇಟಿ ಒ.ಎಂ.ಆರ್. ಹಾಳೆಯಲ್ಲಿ, ಪೆನ್ನಿನಲ್ಲಿ. ಒಂದೊಂದು ವಿಷಯಕ್ಕೂ 60 ಪ್ರಶ್ನೆ, 60 ಅಂಕ, 80 ನಿಮಿಷ. ಫಾರ್ಮಸಿಗೆ ಫಿಸಿಕ್ಸ್, ಕೆಮಿಸ್ಟ್ರಿ ಜೊತೆಗೆ ಮ್ಯಾತ್ಸ್ ಅಥವಾ ಬಯಾಲಜಿ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ರ್‍ಯಾಂಕಿಗೆ ಸಿಇಟಿ ಅಂಕ ಅರ್ಧ, 12ನೇ ತರಗತಿಯ ಅದೇ ವಿಷಯಗಳ ಅಂಕ ಅರ್ಧ.

ಈ ಅರ್ಧ ಅರ್ಧ ಎನ್ನುವುದರಲ್ಲಿ ಎಷ್ಟು ವ್ಯತ್ಯಾಸ ಇದೆ ನೋಡಿ. ಒಬ್ಬಳಿಗೆ ಪ್ಲಸ್ ಟುವಿನಲ್ಲಿ ಈ ಮೂರು ವಿಷಯದಲ್ಲಿ 90 ಶೇಕಡಾ ಬಂತು ಎನ್ನಿ. ಸಿಇಟಿಯಲ್ಲಿ 180ಕ್ಕೆ 100 ಮಾತ್ರ, ಅಂದರೆ ಸುಮಾರು 55.6 ಶೇಕಡಾ. ಎರಡನ್ನೂ ಸೇರಿಸಿ ಅರ್ಧ ಮಾಡಿದರೆ 72.8. ವರ್ಷವಿಡೀ ಕೂತು ಓದಿ ಬೋರ್ಡ್ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ತೆಗೆಯುವ, ಆದರೆ ಗಡಿಯಾರ ನೋಡಿದರೆ ಕೈ ನಡುಗುವ ಮಕ್ಕಳಿಗೆ ಸಿಇಟಿ ಒಳ್ಳೆಯದು. ಬಯಾಲಜಿ ಚೆನ್ನಾಗಿದ್ದು ಫಿಸಿಕ್ಸ್ ಸ್ವಲ್ಪ ಹಿಂದೆ ಇರುವವರಿಗೂ ಅಷ್ಟೇ. ಅದೇ ಬೋರ್ಡಿನಲ್ಲಿ ಸುಮಾರಾಗಿ ಮಾಡಿದರೂ ಫಿಸಿಕ್ಸಿನ ಲೆಕ್ಕ ಚುರುಕಾಗಿ ಬಿಡಿಸುವ ಹುಡುಗ ಕೀಮ್‌ನಲ್ಲಿ ಮುಂದೆ ಹೋಗುತ್ತಾನೆ.

ಗೊತ್ತಿಲ್ಲದ ಪ್ರಶ್ನೆ ಬಂದರೆ ಏನು ಮಾಡಬೇಕು ಎನ್ನುವುದೂ ಬೇರೆ ಬೇರೆ. ಸಿಇಟಿಯಲ್ಲಿ ಒಂದನ್ನೂ ಖಾಲಿ ಬಿಡಬೇಡಿ. ಕೀಮ್‌ನಲ್ಲಿ ಪ್ರತಿ ಪ್ರಶ್ನೆಗೂ ಐದು ಆಯ್ಕೆ. ಕಣ್ಣು ಮುಚ್ಚಿ ಐದು ಪ್ರಶ್ನೆಗೆ ಒತ್ತಿದರೆ ಸರಾಸರಿ ಒಂದು ಸರಿ, ನಾಲ್ಕು ತಪ್ಪು. 4 ಬಂತು, 4 ಹೋಯಿತು, ಕೈಗೆ ಸೊನ್ನೆ. ಹಾಗಾಗಿ ಏನೂ ಗೊತ್ತಿಲ್ಲದಿದ್ದರೆ ಮುಂದೆ ಹೋಗಿ. ಐದರಲ್ಲಿ ಒಂದಾದರೂ ಖಂಡಿತ ತಪ್ಪು ಎಂದು ಗೊತ್ತಾದರೆ ಉಳಿದ ನಾಲ್ಕರಲ್ಲಿ ಒಂದನ್ನು ಒತ್ತುವುದು ಲಾಭ.

ಓದುವ ಹೊರೆ ಎರಡು ಪಟ್ಟಾಗುತ್ತದೆ ಎಂದು ಹೆದರುವವರಿಗೆ ಒಂದು ಸಮಾಧಾನ. ಎರಡೂ ಕಡೆ ಬುಡ ಎನ್‌ಸಿಇಆರ್‌ಟಿ ಪುಸ್ತಕವೇ. ಫಿಸಿಕ್ಸ್, ಕೆಮಿಸ್ಟ್ರಿ ಎರಡಕ್ಕೂ ಸಾಮಾನ್ಯ. ಸಿಇಟಿಗೆ ಜಾಸ್ತಿ ಬೇಕಾದದ್ದು ಮೂರನೇ ವಿಷಯ ಒಂದು. ಅದನ್ನು ಮಾರ್ಚಿನ ಪ್ಲಸ್ ಟು ಪರೀಕ್ಷೆಗೆ ಹೇಗೂ ಓದಿರುತ್ತಾರೆ. ಹೊಸದಾಗಿ ಕಲಿಯಬೇಕಾದದ್ದು ವೇಗ. ಕೀಮ್‌ನಲ್ಲಿ ಒಂದು ಪ್ರಶ್ನೆಗೆ 72 ಸೆಕೆಂಡು, ಸಿಇಟಿಯಲ್ಲಿ 80. ಹಳೆಯ ಪ್ರಶ್ನೆಪತ್ರಿಕೆ ಇಟ್ಟು, ಗಡಿಯಾರ ಇಟ್ಟು, ವಾರಕ್ಕೆರಡು ಸಲ ಬರೆಯಿಸಿ. ಇದಕ್ಕೆಂದು ಬೇರೆ ಕೋಚಿಂಗ್ ಬೇಕು ಎಂದು ನನಗೆ ಅನಿಸುವುದಿಲ್ಲ. ಶಾಲೆಯ ಫಿಸಿಕ್ಸ್ ಟೀಚರ ಹತ್ತಿರ ಬೆಳಗ್ಗೆ ಅರ್ಧ ಗಂಟೆ ಕೇಳಿಕೊಂಡರೆ ಅದೇ ದೊಡ್ಡ ಸಹಾಯ.

ಮ್ಯಾತ್ಸ್ ತೆಗೆದುಕೊಂಡವರು "ಬಯಾಲಜಿ ಇಲ್ಲದೆ ಫಾರ್ಮಸಿ ಆಗುತ್ತದಾ" ಎಂದು ಕೇಳುತ್ತಾರೆ. ಆಗುತ್ತದೆ. ಬಿ.ಫಾರ್ಮ್ ಮೊದಲ ಸೆಮಿಸ್ಟರಿನಲ್ಲಿ ಮ್ಯಾತ್ಸ್‌ನವರಿಗೆ ರೆಮಿಡಿಯಲ್ ಬಯಾಲಜಿ, ಬಯಾಲಜಿಯವರಿಗೆ ರೆಮಿಡಿಯಲ್ ಮ್ಯಾತ್ಸ್ ಅಂತ ಒಂದು ವಿಷಯವನ್ನೇ ಇಟ್ಟಿದ್ದಾರೆ.

ಐದನೆಯದು: ಅರ್ಜಿ ಈಗ, ತೀರ್ಮಾನ ಮಾರ್ಚಿನಲ್ಲಿ

ಎರಡು ಬೇರೆ ಕೆಲಸಗಳನ್ನು ಜನ ಒಂದೇ ಎಂದುಕೊಳ್ಳುತ್ತಾರೆ. ಅರ್ಜಿ ಹಾಕುವುದು ಒಂದು. ಪರೀಕ್ಷೆ ಬರೆಯುವುದು ಇನ್ನೊಂದು. 2025ರಲ್ಲಿ ಸಿಇಟಿ ಅರ್ಜಿ ಜನವರಿ ಕೊನೆಗೇ ಶುರುವಾಗಿತ್ತು, ಕೀಮ್‌ನದ್ದು ಫೆಬ್ರವರಿಯಲ್ಲಿ. ಆ ವರ್ಷ ಸಿಇಟಿ ಏಪ್ರಿಲ್ 16, 17ಕ್ಕೆ ನಡೆಯಿತು, ಕೀಮ್ ಏಪ್ರಿಲ್ 23ರಿಂದ 29. ನಡುವೆ ಒಂದು ವಾರವೂ ಇರಲಿಲ್ಲ. ಆದರೆ 2024ರಲ್ಲಿ ಸಿಇಟಿ ಏಪ್ರಿಲಿನಲ್ಲಿ, ಕೀಮ್ ಜೂನಿನಲ್ಲಿ. ಹೀಗೆ ದಿನಾಂಕ ಹಿಂದೆ ಮುಂದೆ ಆಗುತ್ತಿರುತ್ತದೆ.

ರಟ್ಟಿನ ಮೂರನೇ ಕಾಲಂನಲ್ಲಿ ಕರ್ನಾಟಕದ ಒಂದೇ ಒಂದು ಕಾಲೇಜಿಗೆ "ಸೇರುತ್ತೇನೆ" ಎಂದಿದ್ದರೂ ಅರ್ಜಿ ಹಾಕಿಬಿಡಿ. ಅರ್ಜಿ ಹಾಕಿ ಬರೆಯದಿದ್ದರೆ ಹೋಗುವುದು ಶುಲ್ಕ ಮಾತ್ರ. ಅರ್ಜಿಯನ್ನೇ ಹಾಕದಿದ್ದರೆ ಒಂದು ವರ್ಷ ಹೋಗುತ್ತದೆ. ಆಮೇಲೆ ಮಾರ್ಚ್ ಕೊನೆಗೆ, ಬೋರ್ಡ್ ಪರೀಕ್ಷೆ ಮುಗಿದ ದಿನ, ಮಗುವನ್ನೇ ಕೇಳಿ. ಬೋರ್ಡ್ ಚೆನ್ನಾಗಿ ಆಯಿತಾ? ಆಗಿದ್ದರೆ ಸಿಇಟಿ ಬರೆಯಲಿ, ಅರ್ಧ ಅಂಕ ಆಗಲೇ ಕೈಯಲ್ಲಿದೆ. ಬೋರ್ಡಿನಲ್ಲಿ ಕೆಮಿಸ್ಟ್ರಿ ಕೈಕೊಟ್ಟಿತು ಎನ್ನುವವರು ಕೀಮ್ ಮೇಲೆ ಗಮನ ಇಡಲಿ.

ಬೇಡ ಎನ್ನಬೇಕಾದವರು

ಮೂರು ತರದ ಮಕ್ಕಳಿಗೆ ನಾನು ಸಿಇಟಿ ಬೇಡ ಎನ್ನುತ್ತೇನೆ. ಕರ್ನಾಟಕದಲ್ಲಿ ಸೇರುವ ಕಾಲೇಜೇ ಇಲ್ಲದವರು, ಅವರ ಬಗ್ಗೆ ಆಗಲೇ ಹೇಳಿದೆ. ಏಳು ವರ್ಷದ ಲೆಕ್ಕ ಕೂಡದವರು, ಉದಾಹರಣೆಗೆ ಎಂಟರವರೆಗೆ ಗಲ್ಫಿನಲ್ಲಿ ಓದಿ ಆಮೇಲೆ ಊರಿಗೆ ಬಂದವರು. ಇವರು ಗಡಿನಾಡು ಕಾಲಂ ಬಿಟ್ಟು ಹೊರನಾಡಿನ ಷರತ್ತು ಓದಲಿ, ಅದೂ ಕೂಡದಿದ್ದರೆ ಬಿಡಲಿ. ಇನ್ನು ಮೂರನೆಯವರು, ಬೇಗ ದುಡಿಯಲೇಬೇಕಾದ ಮನೆಯವರು.

ಇವರ ಬಗ್ಗೆ ಸ್ವಲ್ಪ ಹೇಳಬೇಕು. ಡಿ.ಫಾರ್ಮ್ ಎಂದರೆ ಮೂಗು ಮುರಿಯುವವರಿದ್ದಾರೆ. ಹಾಗೆ ಮಾಡಬೇಡಿ. ಎರಡು ವರ್ಷ ಓದು, 500 ಗಂಟೆ ತರಬೇತಿ, ಆಮೇಲೆ ಫಾರ್ಮಸಿ ಕೌನ್ಸಿಲಿನಲ್ಲಿ ನೋಂದಣಿ. ಗೋಡೆಯಲ್ಲಿ ಸರ್ಟಿಫಿಕೇಟ್ ತೂಗುಹಾಕಿ ಕೌಂಟರಿನಲ್ಲಿ ನಿಲ್ಲುವ ಹಕ್ಕು ಬಿ.ಫಾರ್ಮ್‌ನವರಿಗೆ ಇರುವಂತೆಯೇ ಇವರಿಗೂ ಇದೆ. ನೋಂದಣಿಗೆ ಮೊದಲು ಎಕ್ಸಿಟ್ ಪರೀಕ್ಷೆ ಬರೆಯಬೇಕು ಎಂದು ಭಾರತೀಯ ಫಾರ್ಮಸಿ ಕೌನ್ಸಿಲ್ 2022ರಲ್ಲಿ ನಿಯಮ ತಂದಿದೆ. ಸೇರುವಾಗ ಕಾಲೇಜಿನಲ್ಲಿ ಅದರ ಬಗ್ಗೆ ಕೇಳಿಕೊಳ್ಳಿ. ಡಿ.ಫಾರ್ಮ್ ಆದವರು ಮುಂದೆ ಬಿ.ಫಾರ್ಮ್ ಎರಡನೇ ವರ್ಷಕ್ಕೆ ನೇರ ಸೇರಬಹುದು. ಎರಡೂ ಸೇರಿ ಐದು ವರ್ಷ, ಬರೀ ಬಿ.ಫಾರ್ಮ್‌ಗೆ ನಾಲ್ಕು. ಒಂದು ವರ್ಷದ ವ್ಯತ್ಯಾಸಕ್ಕೆ ನಡುವೆ ಒಂದು ಕೆಲಸದ ಭರವಸೆ ಸಿಗುತ್ತದೆ. ಆದರೆ ಗಲ್ಫ್ ಯೋಚನೆ ಇದ್ದವರು ಬಿ.ಫಾರ್ಮ್ ಗುರಿ ಇಟ್ಟುಕೊಳ್ಳುವುದು ಒಳ್ಳೆಯದು.

ಫಾರ್ಮ್.ಡಿ ಆರು ವರ್ಷ, ಕೊನೆಯ ವರ್ಷ ಆಸ್ಪತ್ರೆಯಲ್ಲಿ ಇಂಟರ್ನ್‌ಶಿಪ್. ಆರು ವರ್ಷದ ಖರ್ಚು ಲೆಕ್ಕ ಹಾಕಿಯೇ ಹೋಗಿ.

ಅಮೆರಿಕಕ್ಕೆ ಹೋಗುವ ಕನಸಿರುವ ಒಂದಿಬ್ಬರು ಅಲ್ಲಿನ ಫಾರ್ಮಸಿ ಪ್ರವೇಶ ಪರೀಕ್ಷೆ ಪಿಕ್ಯಾಟ್‌ನ ಪುಸ್ತಕ ಕೊಳ್ಳಲೇ ಎಂದು ಕೇಳಿದ್ದರು. ಬೇಡ. ಅಲ್ಲಿನ ಕಾಲೇಜುಗಳು ಒಂದೊಂದಾಗಿ ಅದನ್ನು ಕಡ್ಡಾಯವಲ್ಲ ಎನ್ನುತ್ತಾ ಬಂದವು. 2024ರ ಜನವರಿಯಲ್ಲಿ ಆ ಪರೀಕ್ಷೆಯನ್ನೇ ನಿಲ್ಲಿಸಿಬಿಟ್ಟರು.

ರ್‍ಯಾಂಕ್ ಬಂದ ಮೇಲೆ

ಆಪ್ಷನ್ ಎಂಟ್ರಿ ಮಾಡುವ ದಿನ ಆ ಹಳೆಯ ರಟ್ಟನ್ನು ಮತ್ತೆ ತೆಗೆಯಿರಿ. ಮೂರನೇ ಕಾಲಂನಲ್ಲಿ "ಇಲ್ಲ" ಎಂದು ಬರೆದ ಕಾಲೇಜನ್ನು ಪಟ್ಟಿಗೆ ಹಾಕಬೇಡಿ. "ಸೇರುತ್ತೇನೆ" ಎಂದವುಗಳನ್ನು ಇಷ್ಟದ ಕ್ರಮದಲ್ಲಿ ಹಾಕಿ. ನನಗೆ ಇಷ್ಟು ರ್‍ಯಾಂಕಿಗೆ ಅದು ಸಿಗಲಾರದು ಎಂದು ನೀವೇ ಕೆಳಗೆ ತಳ್ಳಬೇಡಿ. ಮೇಲೆ ಹಾಕಿದ್ದು ಸಿಗದಿದ್ದರೆ ಕೆಳಗಿನದ್ದು ಸಿಗುತ್ತದೆ, ಅದರಿಂದ ನಷ್ಟ ಇಲ್ಲ.

ಕಾಲೇಜಿಗೆ ಆ ವರ್ಷ ಫಾರ್ಮಸಿ ಕೌನ್ಸಿಲಿನ ಅನುಮತಿ ಇದೆಯಾ ಎಂದು ಕೌನ್ಸಿಲಿನ ವೆಬ್‌ಸೈಟಿನಲ್ಲಿ ಹೆಸರು ಹುಡುಕಿ ನೋಡಿ. ಬೋರ್ಡು ದೊಡ್ಡದಿದ್ದರೆ ಸಾಲದು. ಅನುಮತಿ ಇಲ್ಲದ ಕಡೆ ಓದಿದರೆ ನೋಂದಣಿ ಆಗುವುದಿಲ್ಲ, ನೋಂದಣಿ ಇಲ್ಲದೆ ಔಷಧಿ ಕೊಡುವ ಹಾಗಿಲ್ಲ. ಕಾಲೇಜಿಗೆ ಹೋದಾಗ ಲ್ಯಾಬ್ ನೋಡಿ. ಅಲ್ಲಿ ಓದುವ ಮಕ್ಕಳನ್ನು ಪಕ್ಕಕ್ಕೆ ಕರೆದು, ವಾರಕ್ಕೆ ಎಷ್ಟು ಪ್ರಾಕ್ಟಿಕಲ್ ನಿಜವಾಗಿ ನಡೆಯುತ್ತದೆ ಎಂದು ಕೇಳಿ.

ಮಂಗಳೂರಾ, ಪರಿಯಾರವಾ ಎಂದು ಎರಡೂ ಸಿಕ್ಕವರು ಕೇಳಿದರೆ ನಾನು ಫೀಸು ನೋಡಿ ಎನ್ನುತ್ತೇನೆ. ಸರ್ಕಾರಿ ಸೀಟು ಸಿಕ್ಕರೆ ಅದನ್ನು ಬಿಡಬೇಡಿ. ನೋಂದಣಿಯನ್ನು ಆಮೇಲೆ ಒಂದು ರಾಜ್ಯದಿಂದ ಇನ್ನೊಂದಕ್ಕೆ ಬದಲಾಯಿಸಿಕೊಳ್ಳಬಹುದು. ಎಲ್ಲಿ ಓದಿದರೂ ಊರಿಗೆ ಬಂದು ಕೆಲಸ ಮಾಡಬಹುದು. ಬರಲಿ ಎಂಬ ಆಸೆ ನನಗಿದೆ. 2020ರ ಮಾರ್ಚಿನಲ್ಲಿ ತಲಪಾಡಿ ಗಡಿ ಮುಚ್ಚಿದಾಗ ಮಂಗಳೂರಿನ ಆಸ್ಪತ್ರೆ ನಂಬಿದ್ದ ನಮ್ಮವರು ಇಲ್ಲೇ ಉಳಿದರು. ಆ ದಿನಗಳಲ್ಲಿ ಅಂಗಡಿಗೆ ಬಂದ ಅಜ್ಜಿಯೊಬ್ಬರು ಸೆರಗಿನ ಗಂಟು ಬಿಚ್ಚಿ ಖಾಲಿ ಸ್ಟ್ರಿಪ್ ಒಂದನ್ನು ಇಟ್ಟರು. ಬಿ.ಪಿ. ಮಾತ್ರೆಯದ್ದು, ಹೆಸರಿನ ಅರ್ಧ ಹರಿದಿತ್ತು. "ಇಂದು ಕಾಂಡೆದನಾ, ಬಯ್ಯದನಾ ಮಗಾ" ಎಂದು ತುಳುವಿನಲ್ಲಿ ಕೇಳಿದರು. ಬೆಳಗ್ಗಿನದ್ದಾ, ಸಂಜೆಯದ್ದಾ ಎಂದು. ನಾನು ಕವರಿನ ಮೇಲೆ ಒಂದು ಸೂರ್ಯನ ಚಿತ್ರ ಬರೆದು ಕೊಟ್ಟೆ. ಅಂಥವರಿಗೆ ಅವರ ಮಾತಿನಲ್ಲೇ ಹೇಳಿಕೊಡುವ ಇನ್ನೂ ಹತ್ತು ಮಕ್ಕಳು ನಮ್ಮ ಜಿಲ್ಲೆಗೆ ಬೇಕು.

ಕೊನೆಯದಾಗಿ ಟಿ.ಸಿ. ವಿಷಯ. ಕೇರಳದ ಅಲಾಟ್‌ಮೆಂಟ್ ಮೊದಲು ಬಂದು ಅಲ್ಲಿ ಸೇರಿದ ಮೇಲೆ ಕರ್ನಾಟಕದ ಸುತ್ತು ಬರಬಹುದು, ಅಥವಾ ತಿರುಗಾಮುರುಗಾ. ಒರಿಜಿನಲ್ ಒಂದು ಕಡೆ ಸಿಕ್ಕಿಬಿದ್ದರೆ ಇನ್ನೊಂದು ಕಡೆ ಸೇರುವುದು ಕಷ್ಟ. ಹಾಗಾಗಿ ಕಾಲೇಜಿಗೆ ಕೊಡುವ ಮೊದಲೇ ಟಿ.ಸಿ., ಎಸ್‌ಎಸ್‌ಎಲ್‌ಸಿ, ಪ್ಲಸ್ ಟು, ಗಡಿನಾಡು ಪತ್ರ ಎಲ್ಲವನ್ನೂ ಹತ್ತು ಹತ್ತು ಜೆರಾಕ್ಸ್ ಮಾಡಿಸಿ, ಸ್ಕ್ಯಾನ್ ಮಾಡಿ ಫೋನಿನಲ್ಲಿ ಇಟ್ಟುಕೊಳ್ಳಿ. ಬಿಟ್ಟು ಹೋಗಬೇಕಾದರೆ ಯಾವ ತಾರೀಕಿನ ಒಳಗೆ ಹೇಳಬೇಕು, ಫೀಸು ಎಷ್ಟು ವಾಪಸ್ ಸಿಗುತ್ತದೆ ಎಂದು ಸೇರುವ ದಿನವೇ ಆಫೀಸಿನಲ್ಲಿ ಕೇಳಿ ಬರೆಸಿಕೊಳ್ಳಿ. ನಮ್ಮ ಅಂಗಡಿಗೆ ಬರುವವರಾದರೆ ಆ ಕಾಗದವನ್ನೂ ತನ್ನಿ, ಕೂತು ನೋಡುವಾ.